ನಿಶಾನೆಗೆ ನೀರು ತಾಗುವ ಹೊತ್ತಿಗೆ ನಿಂತುಹೋದ ಕ್ಯಾಮೆರಾ: ಒಂದು ಮೆಮೊರಿ ಕಾರ್ಡ್ ಪ್ರಕರಣ

ಕಂಬಳ ಮುಗಿದ ಮರುದಿನ ಮಧ್ಯಾಹ್ನ ಹುಡುಗ ಉಡುಪಿಯ ನನ್ನ ಸ್ಟುಡಿಯೊಗೆ ಬಂದ. ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. ಪ್ಯಾಂಟಿನ ಮಡಿಕೆಯಲ್ಲಿ ಕರೆಯ, ಅಂದರೆ ಕೋಣ ಓಡುವ ಗದ್ದೆಯ, ಕೆಸರು ಒಣಗಿ ಬಿಳಿಚಿಕೊಂಡಿತ್ತು. ಬ್ಯಾಗನ್ನು ಕೌಂಟರ್ ಮೇಲಿಟ್ಟು ನೇರವಾಗಿ ವಿಷಯಕ್ಕೆ ಬಂದ.

"ಅಣ್ಣ, ಈ ಕಾರ್ಡ್ ಸರಿ ಇಲ್ಲ. ಇದಕ್ಕಿಂತ ಫಾಸ್ಟ್ ಯಾವುದುಂಟು ಹೇಳಿ, ಇವತ್ತೇ ತಗೊಳ್ತೇನೆ."

ಮದುವೆ, ಗೃಹಪ್ರವೇಶ, ನೇಮ, ಯಕ್ಷಗಾನ ಎಲ್ಲ ತೆಗೆಯುವ ಹುಡುಗ ಅವನು. ನವೆಂಬರ್‌ನಿಂದ ಮಾರ್ಚ್‌ವರೆಗೆ ವಾರದ ಕೊನೆ ಬಂತೆಂದರೆ ಕಂಬಳ. ಪತ್ರಿಕೆಗೂ ಚಿತ್ರ ಕಳಿಸುತ್ತಾನೆ. ಆದರೆ ಅವನಿಗೆ ನಿಜವಾದ ಗಿರಾಕಿಗಳು ಕೋಣದ ಯಜಮಾನರು. ತಮ್ಮ ಜೋಡಿ ಓಡುವ ಒಂದು ಒಳ್ಳೆಯ ಫೋಟೊ ಸಿಕ್ಕಿದರೆ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕುತ್ತಾರೆ. ಈ ಸಲ ಕಾರ್ಕಳ ಕಡೆಯ ಒಬ್ಬರು ಧನಿಗಳು ಮೊದಲೇ ಹೇಳಿಟ್ಟಿದ್ದರು. ಅವರ ಜೋಡಿ ಕನೆಹಲಗೆಯಲ್ಲಿ ಓಡುವುದಿತ್ತು.

ಕನೆಹಲಗೆ ನೋಡದವರಿಗೆ ಎರಡು ಮಾತು. ಹಗ್ಗ, ನೇಗಿಲು ವಿಭಾಗಗಳಲ್ಲಿ ವೇಗಕ್ಕೆ ಬೆಲೆ. ಕನೆಹಲಗೆಯಲ್ಲಿ ನೀರಿನ ಎತ್ತರಕ್ಕೆ ಬೆಲೆ. ಓಟಗಾರ ತೂತಿರುವ ಹಲಗೆಯ ಮೇಲೆ ಕಾಲಿಟ್ಟು ನಿಲ್ಲುತ್ತಾನೆ, ಕೋಣಗಳು ಎಳೆದುಕೊಂಡು ಓಡುವಾಗ ತೂತಿನಿಂದ ನೀರು ಮೇಲಕ್ಕೆ ಚಿಮ್ಮುತ್ತದೆ. ಕರೆಯ ಮೇಲೆ ಅಡ್ಡಲಾಗಿ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ನಿಶಾನೆಯ ಬಟ್ಟೆ ಕಟ್ಟಿರುತ್ತಾರೆ. ನೀರು ಅದಕ್ಕೆ ತಾಗಬೇಕು. ಫೋಟೊದಲ್ಲಿ ಬೇಕಾದದ್ದು ಆ ಕ್ಷಣ ಮಾತ್ರ. ಅದಕ್ಕಿಂತ ಮುಂಚಿನದ್ದೂ ಬೇಡ, ಆಮೇಲಿನದ್ದೂ ಬೇಡ.

ಅವನು ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿದ. ಒಂದೊಂದೇ ನೋಡುತ್ತಾ ಹೋದೆ. ಓಟ ಶುರುವಾಗುವ ಗಂತಿನಿಂದ ಕೋಣ ಬಿಟ್ಟದ್ದು ಒಂದನೇ ಫ್ರೇಮ್. ಚಂದ ಫೋಕಸ್, ಕೋಣದ ಮೂಗಿನ ಹನಿ ಸಹ ಕಾಣುತ್ತದೆ. 10, 20, 30, ಎಲ್ಲ ಸರಿ. 40ನೇ ಫ್ರೇಮಿನಲ್ಲಿ ಕೋಣಗಳು ನಿಶಾನೆಗೆ ಇನ್ನೂ ಸ್ವಲ್ಪ ದೂರ. 41ನೇ ಫ್ರೇಮಿನಲ್ಲಿ ಬಟ್ಟೆ ಒದ್ದೆಯಾಗಿದೆ, ನೀರು ಕೆಳಗೆ ಬೀಳ್ತಾ ಇದೆ, ಕೋಣಗಳು ಆಚೆ ದಾಟಿವೆ. ನಡುವೆ ಏನೂ ಇಲ್ಲ.

"ಬಟನ್ ಒತ್ತಿಕೊಂಡೇ ಇದ್ದೆ ಅಣ್ಣ. ಬೆರಳು ತೆಗೆಯಲೇ ಇಲ್ಲ" ಅಂದ. ಹೇಳುವಾಗ ಸ್ವರ ಸಣ್ಣದಾಯಿತು. ಧನಿಗಳು ರಾತ್ರಿಯೇ ಬಂದು, "ತಾಗಿದ ಫೋಟೊ ಉಂಟಲ್ಲ ಮಾರಾಯ?" ಅಂತ ಕೇಳಿದ್ದರಂತೆ. ಇವನು ತಲೆ ತಗ್ಗಿಸಿ ನಿಂತಿದ್ದ.

ಬ್ಯಾಟರಿ ಇತ್ತು, ಫೋಕಸ್ ಇತ್ತು, ಬೆಳಕಿತ್ತು. ಹಾಗಾದರೆ ನಿಂತದ್ದು ಯಾವುದು?

ಫ್ರೇಮಿನ ಸಮಯ ಹೇಳಿದ ಕಥೆ

ನಾನು ಮೊದಲು ನೋಡಿದ್ದು ಫೋಟೊಗಳ ಸಮಯವನ್ನು. ಪ್ರತಿ ಫೋಟೊದ ಒಳಗೆ ತೆಗೆದ ಗಂಟೆ, ನಿಮಿಷ, ಸೆಕೆಂಡ್ ದಾಖಲಾಗಿರುತ್ತದೆ. ಮೊದಲ 40 ಫ್ರೇಮ್ ಬಂದದ್ದು ನಾಲ್ಕು ಸೆಕೆಂಡಿನಲ್ಲಿ. ಅಂದರೆ ಸೆಕೆಂಡಿಗೆ 10, ಕ್ಯಾಮೆರಾ ಎಷ್ಟು ಓಡಬೇಕೋ ಅಷ್ಟೇ ಓಡಿದೆ. ಆಮೇಲೆ ಎರಡು ಸೆಕೆಂಡಿಗೆ ಒಂದರಂತೆ ಫ್ರೇಮ್ ಬಿದ್ದಿದೆ.

ಆ "ಎರಡು ಸೆಕೆಂಡಿಗೆ ಒಂದು" ಅನ್ನುವುದೇ ನನಗೆ ದಾರಿ ತೋರಿಸಿತು. ಕಾರ್ಡ್ ಹಾಳಾಗಿದ್ದರೆ ಹೀಗೆ ತಾಳ ಹಾಕಿದ ಹಾಗೆ ಬರುವುದಿಲ್ಲ. ಎರರ್ ಬರುತ್ತದೆ, ಫೈಲ್ ತೆರೆಯುವುದಿಲ್ಲ, ಫೋಟೊ ಅರ್ಧ ಬೂದಿ ಬಣ್ಣ ಆಗುತ್ತದೆ. ಇಲ್ಲಿ ಎಲ್ಲ ಫೈಲೂ ಸರಿ ಇದೆ. ಯಾವುದೋ ಒಂದು ಕಡೆ ನಿಧಾನವಾಗಿ, ಆದರೆ ನಿಯತ್ತಾಗಿ ಕೆಲಸ ನಡೆಯುತ್ತಿದೆ.

ಕ್ಯಾಮೆರಾ 24 ಮೆಗಾಪಿಕ್ಸೆಲ್‌ನ ಮಿರರ್‌ಲೆಸ್. ಅವನು ಅನ್‌ಕಂಪ್ರೆಸ್ಡ್ ರಾ ಇಟ್ಟಿದ್ದ, ಅಂದರೆ ಸೆನ್ಸರ್ ಕಂಡದ್ದನ್ನು ಕುಗ್ಗಿಸದೆ ಹಾಗೇ ಇಡುವ ಫೈಲ್, ಒಂದೊಂದು 47 ಎಂಬಿ. ಸೆಕೆಂಡಿಗೆ 10 ಅಂದರೆ 470 ಎಂಬಿ. ಎಸ್‌ಡಿ ಕಾರ್ಡ್‌ಗಳಲ್ಲಿ ಅಷ್ಟು ವೇಗವಾಗಿ ಬರೆದುಕೊಳ್ಳುವುದನ್ನು ನಾನು ನೋಡಿಲ್ಲ. ಹಾಗಾಗಿ ಕ್ಯಾಮೆರಾ ಮೊದಲು ತನ್ನ ಒಳಗಿನ ಬಫರಿಗೆ ತುಂಬಿಸಿಕೊಳ್ಳುತ್ತದೆ, ಅಲ್ಲಿಂದ ಕಾರ್ಡಿಗೆ ಇಳಿಸುತ್ತದೆ. ಬಚ್ಚಲ ಹಂಡೆ ಇದ್ದ ಹಾಗೆ. ಮೇಲಿಂದ ದೊಡ್ಡ ನಳ್ಳಿ ಸುರಿಯುತ್ತಿದೆ, ಕೆಳಗೆ ಸಣ್ಣ ತೂತಿನಿಂದ ಹೋಗುತ್ತಿದೆ. ಹಂಡೆ ತುಂಬುವ ತನಕ ಸುಖ. ತುಂಬಿದ ಮೇಲೆ ಕೆಳಗಿಂದ ಎಷ್ಟು ಹೋಗುತ್ತದೋ ಅಷ್ಟೇ ಮೇಲಿಂದ ಹಾಕಬಹುದು.

ಇವನ ಹಂಡೆ 40 ಫ್ರೇಮಿಗೆ ತುಂಬಿತು. ಆಮೇಲೆ ಎರಡು ಸೆಕೆಂಡಿಗೆ ಚೂರು ಜಾಸ್ತಿ ಹೊತ್ತಿನಲ್ಲಿ ಒಂದು 47 ಎಂಬಿ ಫೈಲ್ ಇಳಿಯಿತು. ಕಾಗದದ ಮೇಲೆ ಭಾಗಿಸಿ ನೋಡಿದೆ. ಸೆಕೆಂಡಿಗೆ 20 ಎಂಬಿ ಆಸುಪಾಸು.

"ಕಾರ್ಡ್ ಯಾವುದು?" ಅಂತ ಕೇಳಿದೆ.

ತೆಗೆದು ತೋರಿಸಿದ. ಎರಡು ವಾರದ ಹಿಂದೆ ಮಂಗಳೂರಿನಲ್ಲಿ ತಗೊಂಡ ಹೊಸ ಕಾರ್ಡ್. ಯುಎಚ್‌ಎಸ್-2, ವಿ60. ಮೊದಲನೆಯದು ಕಾರ್ಡಿನ ಡೇಟಾ ದಾರಿಯ ಗುರುತು, ಎರಡನೆಯದು ಬರೆಯುವ ವೇಗದ್ದು. ಒಳ್ಳೆಯ ಕಾರ್ಡೇ. ಅದು 20ರಲ್ಲಿ ಬರೆಯಲು ಸಾಧ್ಯವೇ ಇಲ್ಲ. ವಿ60 ಅಂದರೆ ನಿರಂತರವಾಗಿ ಬರೆಯುವಾಗ ಸೆಕೆಂಡಿಗೆ 60 ಎಂಬಿಗಿಂತ ಕೆಳಗೆ ಇಳಿಯುವುದಿಲ್ಲ ಅಂತ ಭರವಸೆ. ಮೂರನೇ ಒಂದು ಪಾಲಿಗೆ ಇಳಿದಿದೆ ಅಂದರೆ ತಪ್ಪು ಬೇರೆ ಕಡೆ ಇರಬೇಕು.

ಕಾರ್ಡಿನ ಬಾಗಿಲು ತೆರೆದು ನೋಡಿದೆ. ಎರಡು ಸ್ಲಾಟ್. ಇನ್ನೊಂದರಲ್ಲಿ ಹಳೆಯ ಕಾರ್ಡ್ ಕೂತಿತ್ತು. ಅಕ್ಷರ ಅರ್ಧ ಉಜ್ಜಿಹೋಗಿದೆ. ಸಿ ಅಕ್ಷರದ ಒಳಗೆ 10 ಅಂತ ಬರೆದದ್ದು ಮಾತ್ರ ಕಾಣುತ್ತದೆ.

"ಇದು ಯಾಕೆ?"

"ಬ್ಯಾಕಪ್ ಅಣ್ಣ. ಮದುವೆಯ ಸೆಟ್ಟಿಂಗ್ ಹಾಗೇ ಇತ್ತು. ಎರಡರಲ್ಲೂ ಒಟ್ಟಿಗೆ ಬರೆಯುತ್ತದೆ."

ವಿಷಯ ಅಲ್ಲಿತ್ತು. ಎರಡು ಕಾರ್ಡಿನಲ್ಲೂ ಒಂದೇ ಫೋಟೊ ಬರೆಯಬೇಕು ಅಂತ ಹೇಳಿದರೆ, ಎರಡರಲ್ಲೂ ಬರೆದು ಮುಗಿಯುವ ತನಕ ಆ ಫೋಟೊ ಬಫರ್ ಬಿಟ್ಟು ಹೋಗುವುದಿಲ್ಲ. ಹೊಸ ಕಾರ್ಡ್ ಎಷ್ಟೇ ಓಡಲಿ, ಹಳೆಯದು ಬರುವ ತನಕ ಕಾಯಲೇಬೇಕು. ಜೋಡಿಯಲ್ಲಿ ಒಂದು ಕೋಣ ನಿಧಾನ ಆದರೆ ಇನ್ನೊಂದು ಒಬ್ಬಂಟಿ ಓಡಲು ಆಗುತ್ತದಾ? ಹಾಗೆ. ಹಳೆಯ ಕಾರ್ಡಿನ ತಪ್ಪೂ ಅಲ್ಲ ಇದು. ಕ್ಲಾಸ್ 10 ಅನ್ನುವ ಗುರುತು ಭರವಸೆ ಕೊಡುವುದು ಸೆಕೆಂಡಿಗೆ 10 ಎಂಬಿ. ಅದು 20 ಕೊಟ್ಟಿದೆ. ತನ್ನ ಮಾತಿಗಿಂತ ಎರಡು ಪಟ್ಟು ದುಡಿದಿದೆ.

ಮೇಲಿನ ಸ್ಲಾಟ್, ಕೆಳಗಿನ ಸ್ಲಾಟ್

ಇಷ್ಟಕ್ಕೇ ಬಿಟ್ಟಿದ್ದರೆ ಅರ್ಧ ಕೆಲಸ ಆಗುತ್ತಿತ್ತು. ಹೊಸ ಕಾರ್ಡ್ ಇದ್ದದ್ದು ಮೇಲಿನ ಸ್ಲಾಟಿನಲ್ಲಿ. ಮೇಲಿನದ್ದು ಅಂದರೆ ಒಂದನೆಯದು, ಮುಖ್ಯವಾದದ್ದು ಅಂತ ಯಾರಿಗೂ ಅನಿಸುತ್ತದೆ, ಅಲ್ವಾ? ಇವನಿಗೂ ಹಾಗೇ ಅನಿಸಿದೆ. ಕ್ಯಾಮೆರಾದ ಕೈಪಿಡಿ ತೆಗೆದು ನೋಡಿದೆವು. ಈ ಮಾದರಿಯಲ್ಲಿ ಕೆಳಗಿನದ್ದು ಒಂದನೇ ಸ್ಲಾಟ್, ಅದು ಮಾತ್ರ ಯುಎಚ್‌ಎಸ್-2. ಮೇಲಿನದ್ದು ಎರಡನೆಯದು, ಯುಎಚ್‌ಎಸ್-1.

ಎರಡಕ್ಕೂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕಾರ್ಡನ್ನು ತಿರುಗಿಸಿ ಹಿಂದೆ ನೋಡಿ. ಯುಎಚ್‌ಎಸ್-1 ಕಾರ್ಡಿನಲ್ಲಿ ಚಿನ್ನದ ಬಣ್ಣದ ಪಿನ್ನುಗಳು ಒಂದೇ ಸಾಲು. ಯುಎಚ್‌ಎಸ್-2ರಲ್ಲಿ ಅದರ ಕೆಳಗೆ ಇನ್ನೊಂದು ಸಾಲು. ಮುಂದಿನ ಮುಖದಲ್ಲಿ ರೋಮನ್ ಅಂಕಿ ಇರುತ್ತದೆ, ಒಂದು ಗೀಟು ಇದ್ದರೆ ಒಂದು, ಎರಡು ಗೀಟು ಇದ್ದರೆ ಎರಡು. ಯುಎಚ್‌ಎಸ್-1 ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 104 ಎಂಬಿ ಹೋಗಬಹುದು. 2011ರಲ್ಲಿ ಬಂದ ಯುಎಚ್‌ಎಸ್-2ರಲ್ಲಿ ಅದು 312ರ ತನಕ ಹೋಗುತ್ತದೆ. ಇದು ದಾರಿಯ ಅಗಲ ಮಾತ್ರ, ಕಾರ್ಡಿನ ಓಟ ಅಲ್ಲ. ಯುಎಚ್‌ಎಸ್-2 ಕಾರ್ಡನ್ನು ಯುಎಚ್‌ಎಸ್-1 ಸ್ಲಾಟಿಗೆ ಹಾಕಿದರೂ ಕೆಲಸ ಮಾಡುತ್ತದೆ. ಎರಡನೇ ಸಾಲಿನ ಪಿನ್ನು ಸುಮ್ನೆ ಕೂತಿರುತ್ತದೆ, ಅಷ್ಟೇ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಹುಡುಗನಿಗೆ ಗೊತ್ತಾಗದೆ ಇದ್ದದ್ದು ಅದಕ್ಕೇ.

ದೊಡ್ಡ ದುಡ್ಡು ಕೊಟ್ಟು ತಗೊಂಡ ಕಾರ್ಡ್ ಎರಡು ವಾರ ತನ್ನ ಅರ್ಧ ಪಿನ್ನುಗಳನ್ನು ಮುಟ್ಟದೆ ಕೆಲಸ ಮಾಡಿದೆ. ನನಗೆ ಇದು ನಿಜವಾಗಿ ಬೇಸರ ತಂದ ಸಂಗತಿ. ಒಂದು ಸೀಸನಿನ ಸಂಪಾದನೆಯಲ್ಲಿ ಉಳಿಸಿ ತಗೊಂಡದ್ದು ಅದು.

ಅಳೆದು ನೋಡಿದ್ದು

ಸ್ಟುಡಿಯೊದ ಹಿಂದಿನ ಅಂಗಳದಲ್ಲಿ ಟ್ರೈಪಾಡ್ ಇಟ್ಟು ಕ್ಯಾಮೆರಾವನ್ನು ತೆಂಗಿನ ಮರಕ್ಕೆ ತಿರುಗಿಸಿದೆವು. ಶಟರ್ ಸೆಕೆಂಡಿನ ಸಾವಿರದ ಒಂದು ಭಾಗ, ಫೋಕಸ್ ಮ್ಯಾನ್ಯುಯಲ್, ಎಲ್ಲ ಸಲವೂ ಒಂದೇ ಸೆಟ್ಟಿಂಗ್. ಕಾರ್ಡನ್ನು ಪ್ರತಿ ಸಲ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದೆವು. ನಾನು ಬಟನ್ ಒತ್ತಿದೆ, ಅವನು ಮೊಬೈಲಿನ ಸ್ಟಾಪ್‌ವಾಚ್ ಹಿಡಿದ. ಎರಡು ವಿಷಯ ಮಾತ್ರ ಬರೆದುಕೊಂಡೆವು. ಶಬ್ದದ ತಾಳ ತಪ್ಪುವ ಮೊದಲು ಎಷ್ಟು ಫ್ರೇಮ್ ಬಂತು, ಬೆರಳು ತೆಗೆದ ಮೇಲೆ ಕಾರ್ಡಿನ ಕೆಂಪು ದೀಪ ಆರಲು ಎಷ್ಟು ಹೊತ್ತು ಬೇಕಾಯಿತು.

ಕಂಬಳದ ದಿನದ ಸೆಟ್ಟಿಂಗಿನಲ್ಲೇ ಮೊದಲು: 40 ಫ್ರೇಮ್. ದೀಪ ಆರಲು 90 ಸೆಕೆಂಡ್. ಒಂದೂವರೆ ನಿಮಿಷ! ಅಂಗಳದಲ್ಲಿ ನಿಂತು ಆ ದೀಪ ನೋಡುತ್ತಾ ಕಾಯುವುದೇ ಕಷ್ಟ ಆಯಿತು. ಕರೆಯ ಬದಿಯಲ್ಲಿ ಮುಂದಿನ ಜೋಡಿ ಇಳಿಯುತ್ತಿರುವಾಗ ಅವನಿಗೆ ಹೇಗಾಗಿರಬೇಡ?

ಹಳೆಯ ಕಾರ್ಡ್ ತೆಗೆದು, ಹೊಸದನ್ನು ಮೇಲಿನ ಸ್ಲಾಟಿನಲ್ಲೇ ಬಿಟ್ಟಾಗ 45 ಫ್ರೇಮ್, 24 ಸೆಕೆಂಡ್. ಫ್ರೇಮ್ ಐದೇ ಜಾಸ್ತಿಯಾಯಿತು, ಆದರೆ ಕಾಯುವ ಹೊತ್ತು ಕಾಲು ಭಾಗದಷ್ಟಕ್ಕೆ ಇಳಿಯಿತು. ಫಾಸ್ಟ್ ಕಾರ್ಡಿನ ನಿಜವಾದ ಉಪಕಾರ ಇಲ್ಲಿದೆ. ಒಂದೇ ಉಸಿರಿನಲ್ಲಿ ಎಷ್ಟು ಫ್ರೇಮ್ ಸಿಗುತ್ತದೆ ಅನ್ನುವುದನ್ನು ಹೆಚ್ಚಾಗಿ ನಿರ್ಧರಿಸುವುದು ಬಫರ್. ಮತ್ತೆ ಎಷ್ಟು ಬೇಗ ಉಸಿರು ತಗೊಳ್ಳುತ್ತದೆ ಅನ್ನುವುದನ್ನು ನಿರ್ಧರಿಸುವುದು ಕಾರ್ಡ್.

ಇನ್ನು ಕೆಳಗಿನ ಸ್ಲಾಟ್. ಇಲ್ಲಿ ಒಂದು ವಿಚಿತ್ರ ಆಯಿತು. ಕೆಳಗೆ ಹಾಕಿದರೂ ಅದೇ 45, ಅದೇ 24. ಏನೂ ಬದಲಾಗಲಿಲ್ಲ. ಹುಡುಗ ನನ್ನ ಮುಖ ನೋಡಿದ. ಕಾರ್ಡ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಎರಡನೇ ಸಾಲಿನ ಪಿನ್ನುಗಳ ಮೇಲೆ ಬೂದಿ ಬಣ್ಣದ ತೆಳು ಪೊರೆ. ಉಗುರಿನಲ್ಲಿ ಮೆಲ್ಲ ತಾಗಿಸಿದರೆ ಪುಡಿ ಬರುತ್ತದೆ. ಕಂಬಳದ ರಾತ್ರಿ ಒದ್ದೆ ಕೈಯಲ್ಲಿ ಕಾರ್ಡ್ ತೆಗೆದು ಹಾಕಿದ್ದ. ಕರೆಯ ಕೆಸರು ನುಣ್ಣಗೆ ಅರೆದ ಹಿಟ್ಟಿನ ಹಾಗೆ ಇರುತ್ತದೆ, ಬೆರಳಿನಿಂದ ಪಿನ್ನಿಗೆ ಹತ್ತಿ ಒಣಗಿದೆ. ಎರಡನೇ ಸಾಲು ಸರಿಯಾಗಿ ತಾಗದಿದ್ದರೆ ಕಾರ್ಡ್ ತಾನಾಗಿ ಯುಎಚ್‌ಎಸ್-1ಕ್ಕೆ ಇಳಿದು ಕೆಲಸ ಮುಂದುವರಿಸುತ್ತದೆ. ಇದಕ್ಕೂ ಎಚ್ಚರಿಕೆ ಬರುವುದಿಲ್ಲ.

ಹತ್ತಿಯ ಬಡ್‌ಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಒರೆಸಿದೆ. ಬಡ್ ಕಪ್ಪಾಯಿತು. ಪೂರ್ತಿ ಒಣಗಿದ ಮೇಲೆ ಹಾಕಿ ಒತ್ತಿದೆ. 51 ಫ್ರೇಮ್, 15 ಸೆಕೆಂಡ್. ಹುಡುಗ ಸ್ಟಾಪ್‌ವಾಚ್ ನನ್ನ ಕಡೆ ತಿರುಗಿಸಿ ತೋರಿಸಿದ, ಮಾತಾಡಲಿಲ್ಲ.

ನಮ್ಮ ಕರಾವಳಿಯಲ್ಲಿ ಉಪ್ಪಿನ ಗಾಳಿ, ಮಳೆಗಾಲದ ತೇವ ಬೇರೆ. ಪಿನ್ನು ನೋಡುವ ಅಭ್ಯಾಸ ಎಲ್ಲ ಫೋಟೊಗ್ರಾಫರಿಗೂ ಇರಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಕಾರ್ಡ್ ತೆಗೆಯುವ ಮೊದಲು ಕೈ ಒಣಗಿರಬೇಕು. ತೆಗೆದ ಕಾರ್ಡ್ ಅಂಗಿಯ ಕಿಸೆಗೆ ಹೋಗಬಾರದು, ಡಬ್ಬಿಗೆ ಹೋಗಬೇಕು.

ಇನ್ನೂ ಫಾಸ್ಟ್ ಬೇಕಾ?

ಹುಡುಗನಿಗೆ ಸಮಾಧಾನ ಆಗಿರಲಿಲ್ಲ. ವಿ90 ಕಾರ್ಡ್ ಒಂದು ಅವನ ಮನಸ್ಸಿನಲ್ಲಿ ಕೂತಿತ್ತು. "60ಕ್ಕೆ ಇಷ್ಟು ಸಿಕ್ಕಿದರೆ 90ಕ್ಕೆ ಅದರ ಒಂದೂವರೆ ಪಟ್ಟು ಸಿಗಬೇಕಲ್ಲ ಅಣ್ಣ?"

ಕೇಳಲು ನ್ಯಾಯವಾದ ಪ್ರಶ್ನೆ. ಬಾಯಿ ಮಾತಿನಲ್ಲಿ ಇಲ್ಲ ಅನ್ನುವುದಕ್ಕಿಂತ ತೋರಿಸುವುದು ಒಳ್ಳೆಯದು. ಮಂಗಳೂರಿನಲ್ಲಿ ವಿಡಿಯೊ ಮಾಡುವ ಗೆಳೆಯರೊಬ್ಬರ ಹತ್ತಿರ ವಿ90 ಇತ್ತು. ಎರಡು ದಿನಕ್ಕೆ ಕೇಳಿ ತಂದೆ. ಅದೇ ತೆಂಗಿನ ಮರ, ಅದೇ ಸ್ಲಾಟ್. 56 ಫ್ರೇಮ್, 12 ಸೆಕೆಂಡ್. ಐದು ಫ್ರೇಮ್, ಮೂರು ಸೆಕೆಂಡ್. ಕಾರ್ಡಿಗೆ ಇನ್ನೂ ಓಡುವ ಶಕ್ತಿ ಇತ್ತು, ಆದರೆ ಈ ಕ್ಯಾಮೆರಾ ಅದಕ್ಕಿಂತ ಜಾಸ್ತಿ ಕೊಡುವುದಿಲ್ಲ. ಆ ಐದು ಫ್ರೇಮಿಗೆ ಹಲವು ಸಾವಿರ ಜಾಸ್ತಿ ಕೊಡಬೇಕಾ ಅಂತ ಅವನೇ ಯೋಚಿಸಿದ. ಬೇಡ ಅಂದ.

ವಿ ಅನ್ನುವ ಈ ಗುರುತು 2016ರಲ್ಲಿ ಬಂದದ್ದು, ಮುಖ್ಯವಾಗಿ ವಿಡಿಯೊಗೆ. ನಿಲ್ಲದೆ ಬರೆಯುವಾಗ ಕೆಳಗೆ ಇಳಿಯದ ವೇಗ ಎಷ್ಟು ಅಂತ ಅದು ಹೇಳುತ್ತದೆ. ಗರಿಷ್ಠ ಎಷ್ಟು ಅಂತ ಹೇಳುವುದಿಲ್ಲ. ಹಾಗಾಗಿ ವಿಡಿಯೊದವರಿಗೆ ಲೆಕ್ಕ ಸುಲಭ. ಆದರೆ ಒಂದು ಕಡೆ ಎಡವುತ್ತಾರೆ. ಕ್ಯಾಮೆರಾದಲ್ಲಿ 4ಕೆ ವಿಡಿಯೊ 100 ಅಂತ ಬರೆದಿದ್ದರೆ ಅದು ಮೆಗಾಬಿಟ್. ಕಾರ್ಡಿನ ಮೇಲಿರುವುದು ಮೆಗಾಬೈಟ್. ಎಂಟರಿಂದ ಭಾಗಿಸಬೇಕು. 100 ಮೆಗಾಬಿಟ್ ಅಂದರೆ ಸೆಕೆಂಡಿಗೆ ಹನ್ನೆರಡೂವರೆ ಎಂಬಿ ಮಾತ್ರ. ವಿ30 ಕಾರ್ಡ್ ಧಾರಾಳ ಸಾಕು. 400 ಮೆಗಾಬಿಟ್‌ನಲ್ಲಿ ತೆಗೆಯುವವರಿಗೆ 50 ಎಂಬಿ ಬೇಕು, ಅವರಿಗೆ ವಿ60. ಈ ಭಾಗಾಕಾರ ಮಾಡದೆ ವಿ90 ತಗೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪ್ಯಾಕೆಟಿನ ಮೇಲಿನ ದೊಡ್ಡ ಅಂಕಿಯ ವಿಷಯವೂ ಇಲ್ಲೇ ಹೇಳಬೇಕು. ಅಂಗಡಿಗೆ ಹೋದಾಗ ಕಣ್ಣಿಗೆ ಹೊಡೆಯುವುದು ಆ ಅಂಕಿ. 170, 200, 300. ಹೆಚ್ಚಿನ ಸಲ ಅದು ಓದುವ ವೇಗ, ಅಂದರೆ ಕಾರ್ಡಿನಿಂದ ಕಂಪ್ಯೂಟರಿಗೆ ತೆಗೆಯುವಾಗಿನದ್ದು. ಫೋಟೊ ತೆಗೆಯುವಾಗ ಬೇಕಾದದ್ದು ಬರೆಯುವ ವೇಗ. ಅದು ಪ್ಯಾಕೆಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಕೆಲವು ಸಲ ಇರುವುದೇ ಇಲ್ಲ. ಇನ್ನೊಂದು ವಿಷಯ. ಒಂದೇ ಸಾಲು ಪಿನ್ನಿನ ಕಾರ್ಡಿನ ಮೇಲೂ 170 ಅಂತ ಇರುವುದುಂಟು. ಯುಎಚ್‌ಎಸ್-1ರ ದಾರಿಯೇ 104, ಮತ್ತೆ 170 ಹೇಗೆ? ಕಾರ್ಡ್ ತಯಾರಿಸುವವರು ತಮ್ಮದೇ ಒಂದು ವಿಧಾನ ಸೇರಿಸಿರುತ್ತಾರೆ, ಅದಕ್ಕೆ ಹೊಂದುವ ರೀಡರಿನಲ್ಲಿ ಹಾಕಿದರೆ ಆ ವೇಗ ಸಿಗುತ್ತದೆ. ಕ್ಯಾಮೆರಾದ ಒಳಗೆ ಅದು 104ರ ಒಳಗೇ ಇರಬೇಕು. ಹಳೆಯ ಕಾರ್ಡುಗಳಲ್ಲಿ 633 ಎಕ್ಸ್, 1000 ಎಕ್ಸ್ ಅಂತ ಬರೆದಿರುತ್ತದೆ. ಅದು ಸಿಡಿ ಡ್ರೈವ್ ಕಾಲದ ಅಳತೆ. ಒಂದು ಎಕ್ಸ್ ಅಂದರೆ ಸೆಕೆಂಡಿಗೆ 150 ಕೆಬಿ. 633 ಎಕ್ಸ್ ಸುಮಾರು 95 ಎಂಬಿ ಆಯಿತು. ಎ1, ಎ2 ಅನ್ನುವ ಗುರುತು ಮೊಬೈಲಿನಲ್ಲಿ ಆ್ಯಪ್ ಓಡಿಸುವವರಿಗೆ, ಫೋಟೊಗೆ ಅದರಿಂದ ಏನೂ ಇಲ್ಲ.

ಬದಲಾಯಿಸಿದ್ದು

ಕಾರ್ಡ್ ಅದೇ ಉಳಿಯಿತು. ಬದಲಾದದ್ದು ಫೈಲ್. ಅನ್‌ಕಂಪ್ರೆಸ್ಡ್ ರಾ ಬಿಟ್ಟು ಕಂಪ್ರೆಸ್ಡ್ ರಾ ಇಡಲು ಹೇಳಿದೆ. 47 ಎಂಬಿಯ ಫೈಲ್ 24ಕ್ಕೆ ಇಳಿಯಿತು. ಅವನು ಒಪ್ಪಲು ಸ್ವಲ್ಪ ಹೊತ್ತು ಬೇಕಾಯಿತು. ಗುಣಮಟ್ಟ ಹೋಗುತ್ತದೆ ಅನ್ನುವ ಭಯ. ಎರಡೂ ರೀತಿಯಲ್ಲಿ ಒಂದೇ ದೃಶ್ಯ ತೆಗೆದು, 20 ಇಂಚು ಅಗಲದ ಪ್ರಿಂಟ್ ಹಾಕಿ, ಯಾವುದು ಯಾವುದು ಅಂತ ಹೇಳು ಅಂದೆ. ಹೇಳಲು ಅವನಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ತುಂಬ ಕತ್ತಲೆಯ ಭಾಗವನ್ನು ಎಳೆದು ಎಳೆದು ಬೆಳಕು ಮಾಡುವ ಕೆಲಸ ಇದ್ದರೆ ವ್ಯತ್ಯಾಸ ಕಂಡೀತು. ಓಡುವ ಕೋಣಕ್ಕೆ ಅದು ಬೇಡ.

ಈಗ 10 ಫ್ರೇಮ್ ವೇಗದಲ್ಲಿ ತಾಳ ತಪ್ಪುವ ಮೊದಲು 110 ಫ್ರೇಮ್ ಬಂತು, ಅಂದರೆ 11 ಸೆಕೆಂಡಿನ ಓಟ. ಸಾಕಾ? ಇನ್ನೂ ಸಾಲದು. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು ಓಡಿ ದೇಶಕ್ಕೆಲ್ಲ ಸುದ್ದಿಯಾದ ಓಟವೇ 142.5 ಮೀಟರಿಗೆ 13.62 ಸೆಕೆಂಡ್. ಅಷ್ಟು ಬಿರುಸಿನ ಓಟದಲ್ಲೂ ನಮಗೆ ಎರಡೂವರೆ ಸೆಕೆಂಡ್ ಕಡಿಮೆ ಬೀಳುತ್ತದೆ. ಬಿದ್ದರೆ ಓಟ ಮುಗಿಯುವ ಮಂಜೊಟ್ಟಿಯ ಹತ್ತಿರವೇ ಬೀಳುತ್ತದೆ.

ವೇಗವನ್ನು ಸೆಕೆಂಡಿಗೆ 8ಕ್ಕೆ ಇಳಿಸಿದೆವು. ಸೆಕೆಂಡಿಗೆ 192 ಎಂಬಿ ಒಳಗೆ ಬರುತ್ತದೆ, 120ರ ಹತ್ತಿರ ಹೊರಗೆ ಹೋಗುತ್ತದೆ. ಹಂಡೆ ತುಂಬಲು ತುಂಬ ಹೊತ್ತು ಹಿಡಿಯುತ್ತದೆ. 15 ಸೆಕೆಂಡ್ ಒತ್ತಿ ಹಿಡಿದೆ, ತಾಳ ತಪ್ಪಲಿಲ್ಲ. ಸೆಕೆಂಡಿಗೆ ಎರಡು ಫ್ರೇಮ್ ಬಿಟ್ಟುಕೊಟ್ಟು ಇಡೀ ಓಟ ಸಿಕ್ಕಿತು.

ಬ್ಯಾಕಪ್ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಸ್ವಲ್ಪ ಚರ್ಚೆ ನಡೆಯಿತು. "ಕಾರ್ಡ್ ಹೋದರೆ ಎಲ್ಲ ಹೋಯ್ತಲ್ಲ ಅಣ್ಣ" ಅಂದ. ಅವನ ಮಾತು ಸುಳ್ಳಲ್ಲ. ಮದುವೆಯಲ್ಲಿ ಎರಡು ಕಾರ್ಡಿಗೆ ಬರೆಯುವುದನ್ನು ಯಾರೂ ಬಿಡಬಾರದು. ಧಾರೆ ಇನ್ನೊಮ್ಮೆ ಎರೆಯುವುದಿಲ್ಲ. ಮದುವೆಯಲ್ಲಿ ಹೀಗೆ ಒತ್ತಿ ಹಿಡಿಯುವ ಅಗತ್ಯವೂ ಇಲ್ಲ, ಆದ್ದರಿಂದ ನಿಧಾನದ ಸ್ಲಾಟ್ ತೊಂದರೆ ಕೊಡುವುದಿಲ್ಲ. ಹಾಗಿದ್ದರೂ ಆ ಹಳೆಯ ಕ್ಲಾಸ್ 10 ತೆಗೆದು ಒಂದು ವಿ30 ಹಾಕಿಸಿದೆ. ಕಂಬಳಕ್ಕೆ ಬೇರೆ ಲೆಕ್ಕ. ಅಲ್ಲಿ ಬ್ಯಾಕಪ್ ಇಟ್ಟರೆ ಫೋಟೊವೇ ಸಿಗುವುದಿಲ್ಲ. ಅದಕ್ಕೆ ಒಂದೇ ದೊಡ್ಡ ಕಾರ್ಡ್ ಬೇಡ, 64 ಜಿಬಿಯ ಎರಡು ಇಟ್ಟುಕೋ ಅಂದೆ. 24 ಎಂಬಿಯ ಫೈಲ್ ಆದರೆ ಒಂದೊಂದರಲ್ಲಿ ಎರಡೂವರೆ ಸಾವಿರ ಫೋಟೊ ಹಿಡಿಯುತ್ತದೆ. ಒಂದು ಓಡುತ್ತಿರುವಾಗ ಇನ್ನೊಂದನ್ನು ಲ್ಯಾಪ್‌ಟಾಪಿಗೆ ಇಳಿಸಬಹುದು. ಒಂದು ಹೋದರೂ ಇಡೀ ರಾತ್ರಿ ಹೋಗುವುದಿಲ್ಲ. ಇದು ಪೂರ್ತಿ ಭದ್ರ ಅಲ್ಲ ಅಂತ ಅವನಿಗೂ ಹೇಳಿದೆ.

ಇಳಿಸುವುದು ಅಂದಾಗ ಇನ್ನೊಂದು ಗಂಟು ಬಿಚ್ಚಿತು. ಅವನ ರೀಡರ್ ಹಳೆಯ ಯುಎಸ್‌ಬಿ 2. ಅದರ ದಾರಿ ಕಾಗದದ ಮೇಲೆ 480 ಮೆಗಾಬಿಟ್, ಅಂದರೆ 60 ಎಂಬಿ. ಕೈಗೆ ಸಿಗುವುದು 35ರ ಹತ್ತಿರ. 64 ಜಿಬಿ ಇಳಿಸಲು ಅರ್ಧ ಗಂಟೆ. ಪತ್ರಿಕೆಗೆ ಫೋಟೊ ಕಳಿಸುವ ಹೊತ್ತಿಗೆ ಅವನು ಯಾವಾಗಲೂ ತಡವಾಗುತ್ತಿದ್ದದ್ದು ಇದರಿಂದಲೇ. ಯುಎಸ್‌ಬಿ 3ರ, ಯುಎಚ್‌ಎಸ್-2 ಓದುವ ರೀಡರ್ ತಂದ. ವಿ90ಕ್ಕೆ ಕೊಡಲು ಹೊರಟಿದ್ದ ದುಡ್ಡಿನಲ್ಲಿ ರೀಡರ್, ವಿ30 ಕಾರ್ಡ್, 64 ಜಿಬಿಯ ಎರಡು ವಿ60 ಬಂದು, ಸ್ವಲ್ಪ ಉಳಿಯಿತು.

ಹೊಸ ಕಾರ್ಡ್ ಬಂದ ದಿನವೇ ಪರೀಕ್ಷೆ ಮಾಡಿಸಿದೆ. ನಕಲಿ ಕಾರ್ಡ್ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಒಳಗೆ ಸ್ವಲ್ಪವೇ ಜಾಗ ಇಟ್ಟು 64 ಅಂತ ಸುಳ್ಳು ಹೇಳುವ ಕಾರ್ಡುಗಳಿವೆ. ಆ ಜಾಗ ಮುಗಿದ ಮೇಲೆ ಬರೆದದ್ದೆಲ್ಲ ನೀರಿನಲ್ಲಿ ಹೋಮ. ವಿಂಡೋಸಿನಲ್ಲಿ ಎಚ್‌2ಟೆಸ್ಟ್‌ಡಬ್ಲ್ಯೂ, ಮ್ಯಾಕ್ ಮತ್ತು ಲಿನಕ್ಸಿನಲ್ಲಿ ಎಫ್‌3 ಅನ್ನುವ ಉಚಿತ ತಂತ್ರಾಂಶಗಳಿವೆ. ಕಾರ್ಡನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ, ಬರೆದದ್ದೇ ಬಂತಾ ಅಂತ ಹೋಲಿಸುತ್ತವೆ. ಬರೆಯುವ ವೇಗವೂ ಗೊತ್ತಾಗುತ್ತದೆ. ಎರಡೂ ಕಾರ್ಡ್ ಪಾಸಾದವು.

ಮಿಯಾರಿನಲ್ಲಿ

ಅದೇ ಧನಿಗಳ ಜೋಡಿ ಮಿಯಾರಿನ ಲವ-ಕುಶ ಜೋಡುಕರೆ ಕಂಬಳಕ್ಕೂ ಬಂದಿತ್ತು. ನಾನೂ ಹೋಗಿದ್ದೆ. ಹುಡುಗ ಮಂಜೊಟ್ಟಿಯ ಕಡೆ ಬದುವಿನ ಮೇಲೆ ಕೂತಿದ್ದ. ಕುತ್ತಿಗೆಯಲ್ಲಿ ಒಣ ಬೈರಾಸು, ಕೈ ಒರೆಸಲು. ಸೊಂಟದ ಚೀಲದಲ್ಲಿ ಕಾರ್ಡಿನ ಡಬ್ಬಿ. ಧನಿಗಳು ಹಿಂದಿನಿಂದ ಬಂದು, "ಈ ಸಲ ಬಿಡ್ಬೇಡ ಮಾರಾಯ" ಅಂದರು. ಅವನು ತಲೆ ಆಡಿಸಿದ, ಕಣ್ಣು ಕ್ಯಾಮೆರಾದಿಂದ ತೆಗೆಯಲಿಲ್ಲ.

ಕೋಣ ಬಿಟ್ಟರು. ನಾನು ಓಟ ನೋಡಲಿಲ್ಲ, ಕಿವಿ ಕೊಟ್ಟು ಶಟರಿನ ಶಬ್ದ ಕೇಳುತ್ತಾ ನಿಂತೆ. ಜನರ ಬೊಬ್ಬೆಯ ನಡುವೆ ಒಂದೇ ಸಮ ಟಕಟಕ ಅಂತ ಬಂತು. ನಿಶಾನೆ ದಾಟಿತು, ಮಂಜೊಟ್ಟಿ ಹತ್ತಿತು, ಆಮೇಲೆ ಅವನೇ ಬೆರಳು ತೆಗೆದ.

ಕೂಡಲೇ ಹಿಂದೆ ತಿರುಗಿಸಿ ನೋಡಿದೆವು. 60ನೇ ಫ್ರೇಮಿನಲ್ಲಿ ನೀರಿನ ತುದಿ ಬಟ್ಟೆಗೆ ಒಂದು ಗೇಣು ಕೆಳಗೆ. 61ರಲ್ಲಿ ತಾಗಿದೆ, ಬಟ್ಟೆಯ ಅಂಚು ಮೇಲಕ್ಕೆ ಮಡಚಿದೆ, ಹನಿಗಳು ಒಡೆದು ಬಿಸಿಲಿನಲ್ಲಿ ಚೆಲ್ಲಿವೆ. ಕೆಳಗೆ ಓಟಗಾರನ ಮುಖ, ಕಣ್ಣು ಮುಚ್ಚಿದೆ, ಹಲ್ಲು ಕಚ್ಚಿದ್ದಾನೆ. 62ರಲ್ಲಿ ನೀರು ಬಟ್ಟೆಯ ಮೇಲೆ ಹೋಗಿದೆ.

ಧನಿಗಳು ಕನ್ನಡಕ ಏರಿಸಿ ಪರದೆಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ಬೆರಳಿನಿಂದ ಎಡಗಡೆಯ ಕೋಣದ ಕಿವಿ ತೋರಿಸಿ, "ಇವನ ಕಿವಿ ನೋಡು, ಹೇಗೆ ಹಿಂದೆ ಮಡಚಿದ್ದಾನೆ" ಅಂದರು. 61ನೆಯದನ್ನೇ ದೊಡ್ಡದು ಮಾಡಲು ಹೇಳಿ ಹೋದರು. ಪರದೆ ಆರಿಸುವಾಗ ನೋಡಿದೆ, ಕಾರ್ಡಿನ ಕೆಂಪು ದೀಪ ಆಗಲೇ ಆರಿತ್ತು. ಗಂತಿನಲ್ಲಿ ಮುಂದಿನ ಜೋಡಿಯನ್ನು ಇಳಿಸುತ್ತಿದ್ದರು. ಹುಡುಗ ಬೈರಾಸಿನಲ್ಲಿ ಕೈ ಒರೆಸಿಕೊಂಡು ಮತ್ತೆ ಬದುವಿನ ಮೇಲೆ ಕೂತ.